ಗಚ್ಚಿಯ ಬಿಸಿಲು

ಜನವರಿ 7, ಮಂಗಳವಾರ

ನಿವೃತ್ತನಾಗಿ ಇಂದಿಗೆ ಅರವತ್ತೆಂಟು ದಿನ. ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ವಿದ್ಯುತ್ ಯೋಜನಾ ಕಚೇರಿಯಲ್ಲಿ ದಿನಾ ಸಂಜೆ ವರದಿ ಬರೆದ ಕೈ, ಸುಮ್ಮನಿದ್ದರೆ ತುರಿಸುತ್ತದೆ. ಇದನ್ನು ಓದುವವರು ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಆ ವರದಿಗಳನ್ನೂ ಯಾರೂ ಓದುತ್ತಿರಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಅಂಗಿ ತೊಟ್ಟು ಮೇಜಿನ ಮುಂದೆ ಕೂಡುವುದು ಇನ್ನೂ ತಪ್ಪಿಲ್ಲ. ಪಾತ್ರೆ ತೊಳೆಯಲು ಬರುವಾಕೆ ನನ್ನ ಹೆಂಡತಿ ರಾಜಿಯನ್ನು ಕೇಳಿದಳಂತೆ, ಸಾಹೇಬರು ಹೊಸ ನೌಕರಿ ಹುಡುಕುತ್ತಿದ್ದಾರೇನು ಅಂತ. ರಾಜಿ ನಕ್ಕು ನಕ್ಕು ಸುಸ್ತಾಗಿ ಬಂದು ನನಗೆ ಹೇಳಿದಳು. ನನಗೆ ನಗು ಬರಲಿಲ್ಲ.

ಆದರೆ ಇವತ್ತು ಕೆಲಸ ಸಿಕ್ಕಿತು! ನಮ್ಮ ಅಪಾರ್ಟ್‌ಮೆಂಟು ಗುಲ್‌ಮೊಹರ್ ಸೊಸೈಟಿಯ ಚೇರ್ಮನ್ ನಿತಿನ್ ವಾಘ್ಮಾರೆ ಮನೆಗೆ ಬಂದಿದ್ದರು. ಈ ಮರಾಠಿ ಊರಿನ ಪ್ರತಾಪ ನಗರದಲ್ಲಿ ನಮ್ಮ ಗಲ್ಲಿಯ ಎರಡು ಸೊಸೈಟಿಗಳು ಆಗಲೇ ಗಚ್ಚಿಯ ಮೇಲೆ ಸೋಲಾರ್ ಹಾಕಿಸಿಕೊಂಡಿವೆ. ನಾವೂ ಹಾಕಿಸಬೇಕು, ಜೊತೆಗೆ ಲಿಫ್ಟಿಗೂ ಪಂಪಿಗೂ ಒಂದು ದೊಡ್ಡ ಬ್ಯಾಟರಿ ಬೇಕು, ಕೆಳಗೆ ಪಾರ್ಕಿಂಗಿನಲ್ಲಿ ಗಾಡಿ ಚಾರ್ಜ್ ಮಾಡುವ ಪಾಯಿಂಟುಗಳೂ ಬೇಕು. "ಹಯವದನ್ ಸಾಹೇಬ್, ಇಡೀ ಮಧ್ಯಭಾರತದ ಪ್ಲಾನಿಂಗ್ ಮಾಡಿದವರು ನೀವು. ಇಪ್ಪತ್ನಾಲ್ಕು ಮನೆ ನಿಮಗ್ಯಾವ ಲೆಕ್ಕ?" ಅಂದರು.

ಇಡೀ ಮಧ್ಯಭಾರತ ಅಲ್ಲ, ಮೂರು ಜಿಲ್ಲೆ. ನಾನು ತಿದ್ದಲು ಹೋಗಲಿಲ್ಲ.

ಜನವರಿ 10, ಶುಕ್ರವಾರ

ಸರ್ವೇ ಒಂದೇ ದಿನಕ್ಕೆ ಮುಗಿಸಿದೆ. ಗಚ್ಚಿಯ ಬೀಗದ ಕೈ ವಾಚ್‌ಮನ್ ಹತ್ತಿರ ಇರುವುದಿಲ್ಲವಂತೆ, ಮೊದಲ ಮಹಡಿಯ ಕುಂದಾತಾಯಿ ಹತ್ತಿರ ಇರುತ್ತದಂತೆ. ಆಕೆ ಬೀಗದ ಕೈ ಕೊಡುವ ಮುಂಚೆ ನನ್ನ ಚಪ್ಪಲಿ ನೋಡಿದರು. ಯಾಕೋ ತಿಳಿಯಲಿಲ್ಲ.

ಗಚ್ಚಿ ಇಪ್ಪತ್ತಾರು ಮೀಟರ್ ಉದ್ದ, ಹದಿನೈದು ಮೀಟರ್ ಅಗಲ. ಒಂದು ನೀರಿನ ಟಾಂಕಿ, ಮೆಟ್ಟಿಲು ಬಂದು ಮುಗಿಯುವ ಕೋಣೆ, ಕೆಲಸಕ್ಕೆ ಬಾರದ ಡಿಶ್ ಆಂಟೆನಾ ಎರಡು. ಉಳಿದದ್ದೆಲ್ಲ ಚೊಕ್ಕಟ, ಖಾಲಿ. ಸುತ್ತ ಎತ್ತರದ ಕಟ್ಟಡವಿಲ್ಲ, ಮರದ ನೆರಳಿಲ್ಲ. ಎಂಜಿನಿಯರನ ಕನಸಿನಲ್ಲಿ ಬರಬೇಕಾದ ಗಚ್ಚಿ. ಹತ್ತೊಂಬತ್ತು ವರ್ಷ ಇದರ ಕೆಳಗೆ ಎರಡನೇ ಮಹಡಿಯಲ್ಲಿ ಬಾಳಿದ್ದೇನೆ, ಮೇಲೆ ಹತ್ತಿದ್ದು ಇದೇ ಮೊದಲು. ಟಿಪ್ಪಣಿ ಪುಸ್ತಕದಲ್ಲಿ "ಈಗಿನ ಬಳಕೆ: ಇಲ್ಲ" ಎಂದು ಬರೆದು ಗೆರೆ ಎಳೆದೆ.

ಇಳಿಯುವಾಗ ನಾಲ್ಕನೇ ಮಹಡಿಯ ದೇಚಮ್ಮನವರು ಸಿಕ್ಕರು. ಕೊಡಗಿನವರು, ಇಲ್ಲಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ಇಲ್ಲೇ ನೆಲೆಸಿದವರು. ಮೊಣಕಾಲು ಎರಡೂ ಕೈಕೊಟ್ಟಿವೆ. "ಹೋದ ಮೇ ತಿಂಗಳಲ್ಲಿ ಕರೆಂಟ್ ಹೋದಾಗ ಪಾರ್ಕಿಂಗಲ್ಲಿ ಮೂರು ಗಂಟೆ ಕೂತಿದ್ದೆ, ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡ್ಕೊಂಡು. ಹಾಲು ಒಡೆದೇ ಹೋಯ್ತು. ನಿಮ್ಮ ಬ್ಯಾಟರಿ ಬಂದ್ರೆ ಲಿಫ್ಟ್ ನಿಲ್ಲಲ್ಲ ಅಲ್ವಾ?" ಎಂದು ಕೇಳಿದರು. ನಿಲ್ಲುವುದಿಲ್ಲ ಎಂದು ಮಾತು ಕೊಟ್ಟೆ.

ಮೂರನೇ ಮಹಡಿಯ ಅಶ್ವಿನ್‌ಗೂ ಮಾತು ಕೊಟ್ಟಿದ್ದೇನೆ. ಬೆಂಗಳೂರಿನವನು, ಇಲ್ಲಿನ ಐಟಿ ಕಂಪನಿಯಲ್ಲಿದ್ದಾನೆ. ತನ್ನ ಎಲೆಕ್ಟ್ರಿಕ್ ಸ್ಕೂಟರಿಗೆ ಕಿಟಕಿಯಿಂದ ಬಾವಿಗೆ ಹಗ್ಗ ಬಿಟ್ಟ ಹಾಗೆ ವೈರ್ ಬಿಟ್ಟುಕೊಂಡು ಚಾರ್ಜ್ ಮಾಡುತ್ತಾನೆ. ಎಂಟು ಪಾಯಿಂಟ್ ಹಾಕಿಸುತ್ತೇನೆ, ಆ ವೈರನ್ನು ಮೊದಲು ಒಳಗೆಳೆದುಕೋ ಅಂದೆ. "ಅಂಕಲ್, ನೀವು ಗ್ರೇಟ್" ಅಂದ.

ಜನವರಿ 18, ಶನಿವಾರ

ಅರವತ್ತು ಪ್ಯಾನೆಲ್! ಐದು ಸಾಲು, ಒಂದೊಂದರಲ್ಲಿ ಹನ್ನೆರಡು. ಒಂದಿಂಚೂ ವ್ಯರ್ಥವಾಗದ ಹಾಗೆ ಗಚ್ಚಿ ತುಂಬಿತು. ಕಂಪ್ಯೂಟರಿನಲ್ಲಿ ಮಾಡಬಹುದಿತ್ತು, ಆದರೆ ಪೆನ್ಸಿಲ್ ಹಿಡಿದಾಗಲೇ ನನ್ನ ತಲೆ ಓಡುವುದು. ವರ್ಷದ ಹನ್ನೆರಡು ತಿಂಗಳ ಬಿಸಿಲಿನ ಕೋನ ಹಾಕಿ ನೋಡಿದೆ. ಸೊಸೈಟಿಗೆ ಬೇಕಾದ ಕರೆಂಟೆಲ್ಲ ಗಚ್ಚಿಯಲ್ಲೇ ಹುಟ್ಟುತ್ತದೆ, ಹೊರಗಿನದು ಬೇಕಾಗುವುದೇ ಇಲ್ಲ.

ಮಧ್ಯದಲ್ಲಿ ರಾಜಿ ಚಹಾ ತಂದಿಟ್ಟು ಏನೋ ಹೇಳಿದಳು. ಏಪ್ರಿಲ್, ಮ್ಯಾಲೆ, ಹೆಂಗಸರು, ಅಂತೇನೋ. ನಾಲ್ಕನೇ ಸಾಲಿನ ನೆರಳು ಐದನೇ ಸಾಲಿನ ಮೇಲೆ ಬೀಳುವ ಲೆಕ್ಕದಲ್ಲಿದ್ದೆ. ಹೂಂ ಅಂದೆ. ಸ್ವಲ್ಪ ಹೊತ್ತು ನಿಂತು ಹೋದಳು. ಚಹಾ ಆರಿತ್ತು.

ಫೆಬ್ರವರಿ 3, ಸೋಮವಾರ

ಒಪ್ಪಿಗೆಯ ಫಾರಂ ಮನೆಮನೆಗೆ ಹಂಚಿದೆವು. ಇಪ್ಪತ್ನಾಲ್ಕರಲ್ಲಿ ಹದಿನಾರು ಮತ ಬಿದ್ದರೆ ಯೋಜನೆ ಪಾಸು. ನಮ್ಮ ಮನೆಯ ಫಾರಂ ನಾನೇ ತುಂಬಿ, "ಇಲ್ಲೊಂದು ಸಹಿ ಹಾಕು" ಎಂದು ರಾಜಿಯ ಮುಂದಿಟ್ಟೆ. ಮನೆ ಅವಳ ಹೆಸರಿನಲ್ಲಿದೆ. ನೋಂದಣಿಯ ದಿನ ನಾನು ದಿಲ್ಲಿಯಲ್ಲಿ ಮೀಟಿಂಗಿನಲ್ಲಿದ್ದೆ, ಬರಲಾಗಲಿಲ್ಲ, ಅವಳ ಹೆಸರಿಗೇ ಆಗಿಹೋಯಿತು.

"ಓದಿ ಹಾಕ್ತೀನಿ" ಅಂದಳು.

"ಓದ್ಲಿಕ್ಕೆ ಏನದ? ನಾನೇ ಬರದೀನಿ."

"ಅದಕ್ಕ ಓದ್ತೀನಿ."

ಫಾರಂ ಅಡಿಗೆಮನೆಯ ಡಬ್ಬಿಯ ಕೆಳಗೆ ಹೋಯಿತು. ಇರಲಿ, ಮನೆಯ ಮತ ಎಲ್ಲಿ ಹೋಗುತ್ತದೆ.

ಮಾರ್ಚ್ 30, ಭಾನುವಾರ

ಯುಗಾದಿ. ಮರಾಠಿಯವರೆಲ್ಲರ ಕಿಟಕಿಗೂ ಕೋಲಿಗೆ ರೇಷ್ಮೆ ಬಟ್ಟೆ ಕಟ್ಟಿದ ಗುಡಿ ಏರಿದೆ, ನಮ್ಮಲ್ಲಿ ಬೇವು ಬೆಲ್ಲ. ಸೊಸೈಟಿಯಲ್ಲಿ ಎದುರಾದವರೆಲ್ಲ ಸೋಲಾರ್ ಸಾಹೇಬ್ ಎಂದು ಕರೆಯುತ್ತಿದ್ದಾರೆ. ಕಂತ್ರಾಟುದಾರನ ದರ ಮೇ ಕೊನೆಯವರೆಗೆ ಮಾತ್ರ. ಏಪ್ರಿಲ್ ಹದಿಮೂರಕ್ಕೆ ಮತದಾನ, ಆಮೇಲೆ ಕೆಲಸ ಜಲ್ದಿ ಶುರು.

ಬಿಸಿಲು ನಲವತ್ತೊಂದು. ಜನ ಬೈಯುತ್ತಾರೆ, ನನಗೆ ಅದರಲ್ಲಿ ಯೂನಿಟ್ಟುಗಳೇ ಕಾಣುತ್ತವೆ.

ಏಪ್ರಿಲ್ 9, ಬುಧವಾರ

ಇವತ್ತು ನಡೆದದ್ದನ್ನು ಬರೆಯಲೋ ಬೇಡವೋ.

ಬೆಳಿಗ್ಗೆ ಎಂಟಕ್ಕೆ ಕಂತ್ರಾಟುದಾರನ ಇಬ್ಬರು ಆಳುಗಳು ಗಚ್ಚಿಯ ಮೇಲೆ ಕಂಬಗಳ ಗುರುತು ಹಾಕಲು ಬಂದರು. ನಾನು ನಕ್ಷೆ ಸುರುಳಿ ಸುತ್ತಿಕೊಂಡು ಹಿಂದಿನಿಂದ ಹತ್ತಿದೆ. ಬಾಗಿಲು ಮೊದಲೇ ತೆರೆದಿತ್ತು. ಮುಂದೆ ಹೋದವನು ಒಂದು ಹೆಜ್ಜೆ ಇಟ್ಟ. ಆಮೇಲೆ ಕೇಳಿದ ಕಿರುಚಾಟ ವರ್ಧಾ ರಸ್ತೆಯವರೆಗೂ ಮುಟ್ಟಿರಬೇಕು.

ಗಚ್ಚಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ತುದಿಯಿಂದ ಆ ತುದಿಗೆ ಹಳೆ ಸೀರೆ, ಪಂಚೆ, ಪ್ಲಾಸ್ಟಿಕ್ ಹಾಳೆ. ಅವುಗಳ ಮೇಲೆ ಸಾವಿರಾರು ಕುರ್ಡೈ, ಹಪ್ಪಳ, ಆಲೂ ಚಿಪ್ಸ್, ಸಂಡಿಗೆ. ಹನ್ನೆರಡು ಹದಿಮೂರು ಹೆಂಗಸರು ತಲೆಗೆ ಸೆರಗು ಸುತ್ತಿ ಬಗ್ಗಿ ಕೂತಿದ್ದರು. ಮೂರು ದಿನ ಗೋದಿ ನೆನೆಸಿ, ಅರೆದು, ಹಾಲು ತೆಗೆದು, ನಸುಕಿನಲ್ಲಿ ಎದ್ದು ಕಾಸಿ, ಚಕ್ಕುಲಿ ಒತ್ತುವಂಥ ಅಚ್ಚಿನಲ್ಲಿ ಒತ್ತಿದ ಕುಂದಾತಾಯಿಯ ಕುರ್ಡೈ ಮೇಲೆ ಆ ಆಳಿನ ಬೂಟು ನಿಂತಿತ್ತು. ಇದಿಷ್ಟನ್ನೂ ಆಕೆಯೇ ನನಗೆ ಮರಾಠಿಯಲ್ಲಿ, ಒಂದೇ ಉಸಿರಿನಲ್ಲಿ ತಿಳಿಸಿದರು. ನಾನು ನಕ್ಷೆ ಬಿಚ್ಚಿ ತೋರಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು.

"ಹಾಗಾದರೆ ನಾವು ವಾಳವಣ ಎಲ್ಲಿ ಹಾಕಬೇಕು? ನಿಮ್ಮ ಮೇಜಿನ ಮೇಲೆಯೋ?"

ವಾಳವಣ ಅಂದರೆ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಒಣಗಿಸಿ ಇಟ್ಟುಕೊಳ್ಳುವುದು. ಪ್ರತಿ ಏಪ್ರಿಲ್, ಮೇ, ಹತ್ತೊಂಬತ್ತು ವರ್ಷದಿಂದ ಇದೇ ಗಚ್ಚಿಯಲ್ಲಿ ನಡೆದಿದೆಯಂತೆ. ಆ ಹೊತ್ತಿಗೆ ನಾನು ಆಫೀಸಿನಲ್ಲಿರುತ್ತಿದ್ದೆ.

ಟಾಂಕಿಯ ಪಕ್ಕದ ಮೂಲೆಯಲ್ಲಿ ಒಬ್ಬಳು ಬೆನ್ನು ತಿರುಗಿಸಿ ಅರಳು ಸಂಡಿಗೆ ಇಡುತ್ತಿದ್ದಳು. ತಿರುಗಿ ನೋಡಿದಳು. ರಾಜಿ.

ಏಪ್ರಿಲ್ 10, ಗುರುವಾರ

"ಮೊದಲೇ ಹೇಳಬಾರದಿತ್ತೇನು?" ಎಂದು ಕೇಳಿದೆ.

"ಹೇಳಿದ್ದೆ."

"ಹೇಳೇ ಇಲ್ಲ."

"ಹೇಳಿದ್ದೆ, ರೀ."

ಹೇಳಿಲ್ಲ. ಹೇಳಿದ್ದರೆ ನನಗೆ ನೆನಪಿರುತ್ತಿತ್ತು. ಮೂರು ಜಿಲ್ಲೆಯ ಸಬ್‌ಸ್ಟೇಷನ್‌ಗಳ ಹೆಸರು ಇಂದಿಗೂ ಬಾಯಿಪಾಠ ಇರುವವನು ನಾನು.

ಏಪ್ರಿಲ್ 13, ಭಾನುವಾರ

ಸೋತೆ.

ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಸಭೆ. ಹೋಗುವಾಗಲೇ ಎಣಿಸಿದ್ದೆ: ಎಂಟು ಮನೆ ವಿರೋಧ, ಹದಿನಾರು ಪರ. ಅಂಚಿಗೆ ಬಂದರೂ ಸರಿ, ಪಾಸಾಗುತ್ತದೆ. ನಿತಿನ್ ಒಂದೊಂದೇ ಮನೆಯ ನಂಬರ್ ಕರೆದರು. "ಎರಡು ನೂರಾ ನಾಲ್ಕು" ಅಂದಾಗ ರೂಢಿಯಂತೆ ಕೈ ಎತ್ತಿದೆ.

"ಸಾಹೇಬ್, ಮೆಂಬರ್ ಮ್ಯಾಡಮ್ ಇದ್ದಾರೆ" ಎಂದರು ನಿತಿನ್, ಸಂಕೋಚದಿಂದ.

ಎಲ್ಲರೂ ತಿರುಗಿದರು. ರಾಜಿ ಎದ್ದು ನಿಂತಳು. ಮಡಚಿದ ಫಾರಂ ಅವಳ ಕೈಯಲ್ಲಿತ್ತು.

"ವಿರೋಧ" ಅಂದಳು. ಕೂತಳು.

ಹದಿನೈದು, ಒಂಬತ್ತು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ದೇಚಮ್ಮನವರು ಮಾತ್ರ ನಗಲಿಲ್ಲ, ಲಿಫ್ಟಿನ ಬಾಗಿಲನ್ನೇ ನೋಡುತ್ತಿದ್ದರು. ಮೇ ಹದಿನೆಂಟಕ್ಕೆ ಇನ್ನೊಂದು ಸಭೆ ಕರೆಯೋಣ, ಅದೇ ಕೊನೆ, ಅಷ್ಟರಲ್ಲಿ ನಕ್ಷೆ ತಿದ್ದಿಕೊಂಡು ಬನ್ನಿ ಎಂದರು ನಿತಿನ್.

ನನ್ನ ನಕ್ಷೆಯನ್ನು ನನ್ನ ಹೆಂಡತಿಯೇ ಬೀಳಿಸಿದಳು. ಊರ ಮುಂದೆ ಮುಖ ಎಲ್ಲಿಡುವುದು?

ಏಪ್ರಿಲ್ 14, ಸೋಮವಾರ

ಉಪ್ಪಿಟ್ಟು. ಮಾತಿಲ್ಲ.

ಏಪ್ರಿಲ್ 15, ಮಂಗಳವಾರ

ಅವಲಕ್ಕಿ. ಮಾತಿಲ್ಲ. ಇಸ್ತ್ರಿ ಅಂಗಿ ತೊಡಲಿಲ್ಲ.

ಏಪ್ರಿಲ್ 16, ಬುಧವಾರ

ಸಾಕ್ಷಿ ಬೇಕೆಂದು ಈ ದಿನಚರಿಯನ್ನೇ ಮೊದಲಿನಿಂದ ಓದಿದೆ. ಅವಳು ಹೇಳಿಲ್ಲ ಅನ್ನುವುದನ್ನು ಲಿಖಿತವಾಗಿ ತೋರಿಸಿಬಿಡೋಣ ಅಂತ.

ಜನವರಿ ಹದಿನೆಂಟು. ನನ್ನದೇ ಅಕ್ಷರ. ಏಪ್ರಿಲ್, ಮ್ಯಾಲೆ, ಹೆಂಗಸರು. ಹೂಂ ಅಂದೆ.

ಮೂರು ಸಲ ಓದಿದೆ, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ. ನಾಚಿಕೆ ಆಯಿತು. ಹತ್ತೊಂಬತ್ತು ವರ್ಷ ಈ ಗಚ್ಚಿಯಲ್ಲಿ ಒಣಗಿದ ಸಂಡಿಗೆ ತಿಂದಿದ್ದೇನೆ. ಎಲ್ಲಿಂದ ಬಂತು ಅಂತ ಒಂದು ದಿನ ಕೇಳಿಲ್ಲ. ಡಬ್ಬಿಯಿಂದ ಬರುತ್ತದೆ ಅಂದುಕೊಂಡಿದ್ದೆನೋ ಏನೋ.

ಅವಳಿಗೆ ಹೇಳಲಿಲ್ಲ. ಹೇಗೆ ಹೇಳುವುದು?

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ಏಳಕ್ಕೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಗಚ್ಚಿಗೆ ಹೋದೆ. "ಅಳತೆ ತಪ್ಪಾಗಿದೆ. ಮತ್ತೆ ತಗೋಬೇಕು" ಎಂದೆ.

ಕುಂದಾತಾಯಿ ಮೇಲಿಂದ ಕೆಳಗೆ ನೋಡಿ, "ಅಳತೆ ಆಮೇಲೆ. ಮೊದಲು ಇದನ್ನು ಹಿಡೀರಿ" ಎಂದು ಒಂದು ಕೋಲು ಕೊಟ್ಟರು. ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು. ಪಾರಿವಾಳ ಓಡಿಸುವ ಕೆಲಸ.

ಮೂವತ್ತಾರು ವರ್ಷದ ಸೇವೆಯ ನಂತರ ನಾನು ಪಾರಿವಾಳ ಕಾದೆ. ಹತ್ತೂವರೆಯ ಹೊತ್ತಿಗೆ ತಲೆ ಕಾದು ತವೆಯಾಗಿತ್ತು. ಯಾರೋ ಹಿಂದಿನಿಂದ ಒದ್ದೆ ಟವೆಲ್ ತಲೆಯ ಮೇಲೆ ಹಾಕಿದರು. ತಿರುಗುವಷ್ಟರಲ್ಲಿ ರಾಜಿ ಆಗಲೇ ತನ್ನ ಮೂಲೆ ಸೇರಿದ್ದಳು.

ಏಪ್ರಿಲ್ 21, ಸೋಮವಾರ

ಬರೆಯುವುದು ಬೇಕಾದಷ್ಟಿದೆ. ಗಚ್ಚಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ!

ಮೊದಲನೆಯದು, ಜಾಗ ಹಂಚಿಕೆಯಾಗಿದೆ. ಪೂರ್ವದ ಗೋಡೆಯ ಪಕ್ಕ ಕುಂದಾತಾಯಿ, ಅಲ್ಲಿ ಮೊದಲ ಬಿಸಿಲು. ಕುರ್ಡೈಗೆ ಬೆಳಗಿನದೇ ಬೇಕು, ಎಳೆ ಬಿಸಿಲಿನಲ್ಲಿ ಮೇಲ್ಮೈ ಹಿಡಿಯದಿದ್ದರೆ ಮಧ್ಯಾಹ್ನಕ್ಕೆ ಬಿರುಕು ಬಿಡುತ್ತದೆ. ನಡುವೆ ಹಪ್ಪಳದವರು. ಟಾಂಕಿಯ ಪಕ್ಕ ಅರ್ಧ ನೆರಳು, ಅಲ್ಲಿ ರಾಜಿಯ ಬಾಳಕದ ಮೆಣಸಿನಕಾಯಿ, ಮೊಸರಿನಲ್ಲಿ ನೆನೆದದ್ದು ನಿಧಾನ ಒಣಗಬೇಕು. ಇದು ಯಾವ ಕಡತದಲ್ಲೂ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಜಗಳವೂ ಆಗಿಲ್ಲ. ನಮ್ಮ ಆಫೀಸಿನಲ್ಲಿ ಎರಡು ವಿಭಾಗಕ್ಕೆ ಒಂದು ಗೋದಾಮು ಹಂಚಲು ಆರು ವರ್ಷ ಹಿಡಿದಿತ್ತು.

ಎರಡನೆಯದು, ಬಿಸಿಲು ಎಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಈ ಹೆಂಗಸರಿಗೆ ನನ್ನ ಕೋಷ್ಟಕಕ್ಕಿಂತ ಬರೋಬರ್ ಗೊತ್ತು. ನಾನು ಗಂಟೆಗೊಮ್ಮೆ ಟಾಂಕಿಯ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಹೊತ್ತು ಬರೆಯುತ್ತಿದ್ದೆ. ಕುಂದಾತಾಯಿ ಬಂದು ನೋಡಿ, ಹನ್ನೊಂದರ ಗೆರೆ ಇಲ್ಲಿ ಬರುತ್ತದೆ ಎಂದು ಕಾಲಬೆರಳಿನಿಂದ ತೋರಿಸಿ ಹೋದರು. ಹನ್ನೊಂದಕ್ಕೆ ಅಲ್ಲಿಗೇ ಬಂತು.

ಮೂರನೆಯದು, ಪಾರಿವಾಳಕ್ಕೆ ಕೆಂಪು ಬಟ್ಟೆ ಕಂಡರೆ ಹೆದರಿಕೆಯೇನೂ ಇಲ್ಲ. ಕೋಲು ನನ್ನಂಥವರಿಗೆ ಏನೋ ಒಂದು ಕೆಲಸ ಇರಲಿ ಅಂತ.

ಏಪ್ರಿಲ್ 26, ಶನಿವಾರ

ಇವತ್ತು ನಾಲ್ವರು ನನ್ನ ಸೀಮೆಸುಣ್ಣದ ಗೆರೆ ನೋಡಿ ಹಾಳೆ ಹಾಸಿದರು. ಹತ್ತರ ಗೆರೆಯ ಈಚೆ ಹಾಕು, ಮತ್ತೆ ಎಳೆದಾಡಬೇಕಾಗಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಿವೃತ್ತಿಯ ದಿನ ಕೊಟ್ಟ ಶಾಲು ಹಾರಕ್ಕಿಂತ ಇದು ಹೆಚ್ಚು ಖುಷಿ ಕೊಟ್ಟಿತು.

ರಾಜಿ ಒಂದು ಸಂಡಿಗೆ ಹಿಟ್ಟಿನ ಉಂಡೆ ಕೈಗೆ ಕೊಟ್ಟು, "ಉಪ್ಪು ನೋಡ್ರಿ" ಅಂದಳು. ಹದಿಮೂರು ದಿನದ ಮೇಲೆ ಅವಳಾಗಿ ಆಡಿದ ಮೊದಲ ಮಾತು. ಉಪ್ಪು ಚಲೋ ಇತ್ತು. ಹಾಗೆಂದೆ. ಹಸಿ ಹಿಟ್ಟು ಇಷ್ಟು ರುಚಿ ಇರುತ್ತದೆ ಅಂತ ಗೊತ್ತಿರಲಿಲ್ಲ ಅಂತಲೂ ಅಂದೆ.

"ಹೌದೇನ್ರಿ?" ಎಂದು ಇನ್ನೊಂದು ಉಂಡೆ ಕೈಗಿಟ್ಟಳು.

ಮೇ 4, ಭಾನುವಾರ

ಹೊಸ ನಕ್ಷೆ. ಗಚ್ಚಿಯ ಮುಕ್ಕಾಲು ಭಾಗ ಬಯಲಾಗಿಯೇ ಉಳಿಯುತ್ತದೆ. ಪ್ಯಾನೆಲ್ ಟಾಂಕಿಯ ಮೇಲೆ, ಮೆಟ್ಟಿಲ ಕೋಣೆಯ ಮೇಲೆ, ಉತ್ತರದ ಅಂಚಿನಲ್ಲಿ ಒಂದು ಸಾಲು. ಅಲ್ಲಿದ್ದರೆ ನೆರಳು ಗಚ್ಚಿಯ ಹೊರಗೆ ಬೀಳುತ್ತದೆ. ಉಳಿದದ್ದು ದಕ್ಷಿಣದ ಗೇಟಿನ ಪಕ್ಕ ಬಯಲು ಪಾರ್ಕಿಂಗಿಗೆ ಮಾಡಿನ ಹಾಗೆ. ಒಟ್ಟು ಮೂವತ್ತೆಂಟು. ಅರವತ್ತರಿಂದ ಮೂವತ್ತೆಂಟು! ಬ್ಯಾಟರಿ ಲಿಫ್ಟಿಗೂ ನೀರಿನ ಪಂಪಿಗೂ ಸಾಕು. ಚಾರ್ಜಿಂಗ್ ಪಾಯಿಂಟ್ ಎಂಟರ ಬದಲು ನಾಲ್ಕು, ಅದೂ ಹಗಲು ಹೊತ್ತಿನಲ್ಲಿ, ಸರದಿಯ ಮೇಲೆ.

ನಕ್ಷೆಯ ಮಧ್ಯದ ಖಾಲಿ ಜಾಗದಲ್ಲಿ "ವಾಳವಣ" ಎಂದು ಬರೆದೆ. ಹಾಗೆ ಬರೆದ ಮೇಲೆ ಅದು ಖಾಲಿ ಅನ್ನಿಸಲಿಲ್ಲ.

ಅಶ್ವಿನ್ ಸಿಟ್ಟಾದ. "ಅಂಕಲ್, ಹಗಲು ನಾನು ಆಫೀಸಲ್ಲಿರ್ತೀನಿ. ಸ್ಕೂಟರ್ ಏನು ತಾನೊಂದೇ ಮನೇಲಿ ಕೂತು ಚಾರ್ಜ್ ಆಗುತ್ತಾ? ಹಪ್ಪಳಕ್ಕೋಸ್ಕರ ನಮ್ಮನ್ನ ಬಿಟ್ರಲ್ಲ" ಅಂದ. ಅವನ ಮಾತಿನಲ್ಲೂ ತಪ್ಪಿಲ್ಲ. ಹಿಂದಾಗಿದ್ದರೆ ಅವನಿಗೆ ಯಾವ ಗಂಟೆಗೆ ಎಷ್ಟು ಕರೆಂಟ್ ಎಂಬ ಲೋಡ್ ಕರ್ವ್ ತೋರಿಸಿ ಬಾಯಿ ಮುಚ್ಚಿಸುತ್ತಿದ್ದೆ. ಇವತ್ತು ಒಳಗೆ ಕರೆದು ಕೂಡಿಸಿ, ನಿನ್ನ ಶನಿವಾರ ಭಾನುವಾರ ಹೇಗಿರುತ್ತದೆ ಅಂತ ಕೇಳಿದೆ. ಒಂದು ಪಾಯಿಂಟನ್ನು ಆ ಎರಡು ದಿನ ಅವನಂಥವರಿಗೇ ಬಿಡಬಹುದು. ಆದರೂ ಅವನ ಮುಖ ಗಂಟಾಗಿಯೇ ಇತ್ತು.

ಮೇ 6, ಮಂಗಳವಾರ

ಬಿಸಿಲು ನಲವತ್ತೈದು. ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಗಿ ನಾಲ್ಕೂಕಾಲಿಗೆ ಬಂತು. ದೇಚಮ್ಮನವರು ಔಷಧಿ ತರಲು ಹೋದವರು ಪಾರ್ಕಿಂಗಿನಲ್ಲೇ ಸಿಕ್ಕಿಕೊಂಡರು. ನಮ್ಮ ಮನೆಗಾದರೂ ಬನ್ನಿ ಅಂದೆ. ಎರಡು ಮಹಡಿಯೂ ಆಗಲ್ಲ ಅಂದರು. ರಾಜಿ ಮಜ್ಜಿಗೆ ತಂದಳು, ಮೂವರೂ ವಾಚ್‌ಮನ್ನನ ಕುರ್ಚಿಗಳಲ್ಲಿ ಕೂತೆವು.

"ಹದಿನೆಂಟಕ್ಕೂ ಪಾಸಾಗದಿದ್ರೆ ಮನೀಶ್ ನಗರದಲ್ಲಿ ನೆಲಮಹಡಿಯ ಮನೆ ನೋಡಿದೀನಿ, ಅಲ್ಲಿಗೆ ಹೋಗಿಬಿಡ್ತೀನಿ" ಎಂದರು. "ಹತ್ತೊಂಬತ್ತು ವರ್ಷ ಇದ್ದ ಮನೆ. ಆದರೆ ಹೀಗೆ ಎಷ್ಟು ದಿನ?"

ರಾಜಿ ಅವರ ಕೈ ಹಿಡಿದುಕೊಂಡು ಕೂತಳು. ಅವಳ ಮತ ಈಗಾದರೂ ಏನು ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ.

ಮೇ 12, ಸೋಮವಾರ

ಹೊಸ ಫಾರಂ ಬಂತು. ತುಂಬದೆ, ಖಾಲಿಯಾಗಿಯೇ, ರಾಜಿಯ ಕೈಗೆ ಕೊಟ್ಟೆ. ಜೊತೆಗೆ ನಕ್ಷೆ. ಅವಳು ಊಟದ ಮೇಜಿನ ಮೇಲೆ ಹರಡಿ, ನನ್ನ ಕನ್ನಡಕವನ್ನೇ ತೆಗೆದು ಹಾಕಿಕೊಂಡು, ಒಂದೂಕಾಲು ಗಂಟೆ ಓದಿದಳು. ನಾನು ಎದುರಿಗೆ ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದೆ.

"ಪ್ಯಾನೆಲ್ ತೊಳೆಯೋ ನೀರು ಎಲ್ಲಿ ಇಳೀತದ?"

ಉತ್ತರದ ಪೈಪಿಗೆ, ಅಂದೆ.

"ಮ್ಯಾಲಿನ ಪ್ಯಾನೆಲ್ ಮ್ಯಾಲೆ ಪಾರಿವಾಳ ಕೂತರ? ಕೆಳಗ ಹಪ್ಪಳ ಇರ್ತಾವ."

ಅದು ಹೊಳೆದಿರಲಿಲ್ಲ. ಸುತ್ತ ಜಾಲರಿ ಕಟ್ಟಬೇಕು. ಬರೆದುಕೊಂಡೆ.

"ಬ್ಯಾಟರಿ ಖೋಲಿಗೆ ಕಿಟಕಿ ಯಾಕಿಲ್ಲ? ಈ ಬಿಸಿಲಿಗೆ ಅದಕ್ಕ ಉಸಿರು ಬ್ಯಾಡೇನು?"

ಕಿಟಕಿ ಇತ್ತು, ನಕ್ಷೆಯಲ್ಲಿ ತೋರಿಸಿರಲಿಲ್ಲ. ಅದನ್ನೂ ಬರೆದುಕೊಂಡೆ. ಹನ್ನೊಂದು ಪ್ರಶ್ನೆ ಕೇಳಿದಳು. ನಮ್ಮ ಆಫೀಸಿನ ತಾಂತ್ರಿಕ ಸಮಿತಿ ನನಗೆ ಎಂದೂ ಹನ್ನೊಂದು ಒಳ್ಳೆಯ ಪ್ರಶ್ನೆ ಕೇಳಿದ್ದಿಲ್ಲ. ಇವಳು ಇಷ್ಟು ದಿನ ಎಲ್ಲಿದ್ದಳು ಅನ್ನಿಸಿತು. ಅಡಿಗೆಮನೆಯಲ್ಲಿ, ಹದಿನೈದು ಅಡಿ ದೂರದಲ್ಲಿ.

"ಹಂಗಾರ?" ಎಂದೆ ಕೊನೆಗೆ.

"ಸಭಾದಾಗ ಹೇಳ್ತೀನಿ" ಎಂದು ಫಾರಂ ಮಡಚಿಟ್ಟಳು.

ಮೇ 18, ಭಾನುವಾರ

ಸಭೆ ಗಚ್ಚಿಯ ಮೇಲೆ, ಸಂಜೆ ಆರಕ್ಕೆ. ಹಾಳೆಗಳನ್ನೆಲ್ಲ ಸುತ್ತಿ ಬದಿಗಿಟ್ಟಿದ್ದರು. ನಾಲ್ಕನೇ ಮಹಡಿಯಿಂದ ದೇಚಮ್ಮನವರನ್ನು ಕುರ್ಚಿಯ ಸಮೇತ ಅಶ್ವಿನ್ ಮತ್ತು ವಾಚ್‌ಮನ್ ಕೊನೆಯ ಮೆಟ್ಟಿಲುಗಳ ಮೇಲೆ ಎತ್ತಿ ತಂದರು. ಹೊಸ ನಕ್ಷೆಯನ್ನು ಟಾಂಕಿಗೆ ಅಂಟಿಸಿ ವಿವರಿಸಿದೆ. ನಿತಿನ್ ನಂಬರ್ ಕರೆಯತೊಡಗಿದರು. ಕುಂದಾತಾಯಿ ಕರೆಯುವ ಮುಂಚೆಯೇ "ಮಂಜೂರ್" ಅಂದರು. ಅಶ್ವಿನ್ ನನ್ನ ಕಡೆ ನೋಡದೆ "ಸಾರಿ ಅಂಕಲ್, ವಿರೋಧ" ಅಂದ. ಎಲೆಕ್ಟ್ರಿಕ್ ಗಾಡಿ ಇರುವ ಇನ್ನೂ ಏಳು ಮನೆಯವರು ಅವನ ಜೊತೆ. ಎರಡು ನೂರಾ ನಾಲ್ಕು ಅಂದಾಗ ರಾಜಿ, "ನನ್ನದು ಕೊನೆಗೆ ಕೇಳ್ರಿ" ಅಂದಳು.

ಕೊನೆಗೆ ಬಂದಾಗ ಮತ್ತೆ ಹದಿನೈದು. ಹೋದ ಸಲದ ಹದಿನೈದೇ ಬೇರೆ, ಈ ಸಲದ ಹದಿನೈದೇ ಬೇರೆ, ಆದರೆ ಉಳಿದದ್ದು ಅದೇ ಒಂದು.

ರಾಜಿ ಎದ್ದಳು. ಎಲ್ಲರಿಗೂ ತಿಳಿಯಲಿ ಅಂತ ಮರಾಠಿಯಲ್ಲೇ ಕೇಳಿದಳು: "ಜೂನಿನಲ್ಲಿ ಕೆಲಸ ಶುರುವಾದ ಮೇಲೆ ಇನ್ನೇನೋ ಮರೆತಿದೆ ಅಂತ ಗೊತ್ತಾದರೆ, ಸಾಹೇಬರು ಏನು ಮಾಡುತ್ತಾರೆ?"

ಬಾಯಿಗೆ ಮೂರು ಉತ್ತರ ಬಂದವು. ಪರಿಷ್ಕೃತ ನಕ್ಷೆ, ಹೆಚ್ಚುವರಿ ಅವಕಾಶ, ಉಪಸಮಿತಿ. ಎಲ್ಲವೂ ಸರಿಯಾದ ಉತ್ತರಗಳೇ. ಆದರೆ ಅವಳು ಕೇಳಿದ್ದು ಅದಲ್ಲ ಅಂತ ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತೋ.

"ಏನು ಮರೆತಿದ್ದೇನೆ ಅಂತ ನನಗೆ ತಾನಾಗಿ ತಿಳಿಯುವುದಿಲ್ಲ" ಎಂದೆ, ನನ್ನ ಒಡಕು ಮರಾಠಿಯಲ್ಲಿ. "ನೀವೇ ಹೇಳಬೇಕು. ಒಂದು ಸಲ ಹೇಳಿದರೆ ಸಾಕು."

ಅವಳು ಕೈ ಎತ್ತಿದಳು. ಹದಿನಾರು.

ದೇಚಮ್ಮನವರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಗುತ್ತಿಗೆಗೆ ಸೊಸೈಟಿಯ ಕಡೆಯಿಂದ ಮೆಂಬರ್ ಒಬ್ಬರು ಸಹಿ ಹಾಕಬೇಕು, ಕೆಲಸ ನೋಡಿಕೊಳ್ಳಬೇಕು ಎಂದರು ನಿತಿನ್. ಕುಂದಾತಾಯಿ ರಾಜಿಯ ಹೆಸರು ಹೇಳಿದರು, ಯಾರೂ ಬೇಡ ಅನ್ನಲಿಲ್ಲ. ನಾನು ಅವಳ ಕೆಳಗೆ ತಾಂತ್ರಿಕ ಸಹಾಯಕನಂತೆ. ಅಶ್ವಿನ್ ಜೋರಾಗಿ ನಕ್ಕ. ನಾನೂ ನಕ್ಕೆ.

ಎಲ್ಲ ಮುಗಿಸಿ ಇಳಿಯುವ ಹೊತ್ತಿಗೆ ಕರೆಂಟ್ ಹೋಯಿತು. ದೇಚಮ್ಮನವರನ್ನು ಅವರ ಮನೆ ಸೇರಿಸಿ ನಾವಿಬ್ಬರೂ ಮೆಟ್ಟಿಲಿಳಿದೆವು. ಮಬ್ಬುಗತ್ತಲು, ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಕೇಳುವ ಧೈರ್ಯ ಬಂತೇನೋ.

"ಏಪ್ರಿಲದಾಗ ನನ್ನ ಮ್ಯಾಲೆ ಭಾಳ ಸಿಟ್ಟಿತ್ತೇನು ನಿನಗ?"

"ಇತ್ತು."

"ಯಾವಾಗಿಂದ?"

"ಎಂಬತ್ತೊಂಬತ್ತರಿಂದ."

ನಕ್ಕೆ. ಅವಳೂ ನಕ್ಕಳು. ನಾಲ್ಕು ಮೆಟ್ಟಿಲು ಇಳಿದ ಮೇಲೆ ನನ್ನ ಕಾಲು ನಿಂತಿತು. ಎಂಬತ್ತೊಂಬತ್ತು ನಮ್ಮ ಮದುವೆಯಾದ ವರ್ಷ.

"ಖರೇ ಹೇಳ್ಲಿಕತ್ತೀಯೇನು?"

"ಖರೇನ. ಹೇಳ್ಲೇನು?"

"ಹೇಳು."

"ಭಾಳ ಹೊತ್ತು ಹಿಡೀತದ, ಕೂಡ್ರಿ" ಎಂದಳು. ಮೂರನೇ ಮಹಡಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಅವಳು ಒಂದೊಂದಾಗಿ ಹೇಳತೊಡಗಿದಳು, ಬೈಯುವ ದನಿಯಲ್ಲಲ್ಲ, ಯಾವುದೋ ಊರಿಗೆ ಹೋಗಿ ಬಂದ ಸುದ್ದಿ ಹೇಳುವವರ ಹಾಗೆ. ಕೆಲವಕ್ಕೆ ಇಬ್ಬರೂ ನಕ್ಕೆವು.

ಅರ್ಧ ಗಂಟೆಗೆ ಕರೆಂಟ್ ಬಂತು. ಲಿಫ್ಟು ಬಂದು ನಮ್ಮ ಎದುರಿಗೇ ಬಾಗಿಲು ತೆರೆದು, ಕಾದು, ಮುಚ್ಚಿಕೊಂಡು ಹೋಯಿತು. ಅವಳಿನ್ನೂ ತೊಂಬತ್ತೆರಡನೇ ಇಸವಿಯಲ್ಲಿದ್ದಳು.